ಸೀಸ ಜಾರಬೇಕಾ, ಎರೆ ಜಾರಬೇಕಾ? ದಡದ ಗಾಳಕ್ಕೆ ಮನೆಯಲ್ಲೇ ಕಟ್ಟುವ ರಿಗ್

ಪ್ರಶ್ನೆ: ನಾನು ಬೈಂದೂರು ಕಡೆಯವನು. ಎರಡು ವರ್ಷದಿಂದ ತ್ರಾಸಿ ಬೀಚಿನಲ್ಲೂ ಗಂಗೊಳ್ಳಿ ಅಳಿವೆಯ ಬ್ರೇಕ್‌ವಾಟರ್ ಕಲ್ಲಿನ ಮೇಲೂ ಗಾಳ ಹಾಕುತ್ತಿದ್ದೇನೆ. 10 ಅಡಿ ರಾಡ್, ರೀಲಿನಲ್ಲಿ 30 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ. ಸೀಸ ಜಾರುವ ರೆಡಿಮೇಡ್ ರಿಗ್ (ಹುಕ್, ಸೀಸ, ದಾರ ಸೇರಿಸಿ ಕಟ್ಟಿದ ಜೋಡಣೆ) ಆನ್‌ಲೈನ್‌ನಲ್ಲಿ ತರಿಸುತ್ತೇನೆ. ಕಲ್ಲಿಗೆ ಸಿಕ್ಕಿ ಒಂದೇ ಸಂಜೆಗೆ ನಾಲ್ಕೈದು ಹೋಗುತ್ತವೆ. ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ? ಇನ್ನೊಂದು ವಿಷಯ. ಹವಾಯಿಯವರು ಮೊದಲು ಬರೀ ಸೀಸ ಎಸೆದು, ಆಮೇಲೆ ಎರೆಯನ್ನು, ಅಂದರೆ ಹುಕ್ಕಿಗೆ ಸಿಕ್ಕಿಸಿದ ಮೀನಿನ ತುಂಡನ್ನು, ದಾರದ ಮೇಲೆ ಜಾರಿಸಿ ಬಿಡುವ ವಿಡಿಯೊ ನೋಡಿದೆ. ಅದು ನಮ್ಮಲ್ಲಿ ನಡೆಯುತ್ತದಾ ಸರ್?

ಉತ್ತರ: ಎರಡನ್ನೂ ಮನೆಯಲ್ಲೇ ಮಾಡಬಹುದು. ಆದರೆ ಇವೆರಡೂ ಬೇರೆ ಬೇರೆ ಸಾಮಾನು. ನೀವು ತರಿಸುತ್ತಿರುವುದರಲ್ಲಿ ಸೀಸ ಜಾರುತ್ತದೆ, ಎರೆ ದಾರದ ತುದಿಯಲ್ಲೇ ಇರುತ್ತದೆ. ಹವಾಯಿಯವರದ್ದರಲ್ಲಿ ಸೀಸ ತಳಕ್ಕೆ ಕಚ್ಚಿ ಕೂರುತ್ತದೆ, ಎರೆ ಜಾರುತ್ತದೆ. ತ್ರಾಸಿಯ ಮರಳಿಗೆ ಮೊದಲನೆಯದು, ಗಂಗೊಳ್ಳಿಯ ಕಲ್ಲಿಗೆ ಎರಡನೆಯದು. ಅದಲು ಬದಲಾದರೆ ಸಂಜೆ ದಂಡ.

ಮೊದಲು ಜಾರುವ ಸೀಸದ ವಿಷಯ. ಮೀನು ಎರೆ ಕಚ್ಚಿ ಎಳೆಯುವಾಗ ದಾರ ಮಾತ್ರ ಹೋಗಬೇಕು, ಸೀಸದ ಭಾರ ಮೀನಿಗೆ ಗೊತ್ತಾಗಬಾರದು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಇದು ಅರ್ಧ ನಿಜ. ಅಲೆ ಹೊಡೆಯುವ ದಡದಲ್ಲಿ 60 ಮೀಟರ್ ದಾರ ನೀರಿನಲ್ಲಿ ಬಿಲ್ಲಿನ ಹಾಗೆ ಬಾಗಿರುತ್ತದೆ. ಆ ದಾರವನ್ನು ಎಳೆಯುವುದೇ ಮೀನಿಗೆ ಒಂದು ಭಾರ. ಕಾಣೆಯಂಥ ಸಣ್ಣ ಬಾಯಿಯ, ಸಂಶಯದ ಮೀನಿಗೆ 30 ಗ್ರಾಂ ಸೀಸ ಹಾಕಿ ಹತ್ತಿರಕ್ಕೆ ಎಸೆದಾಗ ಮಾತ್ರ ಜಾರುವ ಸೀಸದ ಲಾಭ ಚೆನ್ನಾಗಿ ಕಾಣುತ್ತದೆ. ಕುರುಡಿ, ಕೆಂಬೇರಿಯಂಥವು ಎರೆಯನ್ನು ನುಂಗಿಕೊಂಡು ತಿರುಗುವ ಮೀನುಗಳು. ಅವಕ್ಕೆ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಹುಕ್) ಹಾಕಿದ್ದರೆ ಸ್ವಲ್ಪ ಭಾರ ತಾಗಿದರೂ ನಷ್ಟವಿಲ್ಲ. ಆ ಭಾರವೇ ಹುಕ್ಕನ್ನು ಬಾಯಿಯ ಮೂಲೆಗೆ ಕೂರಿಸುತ್ತದೆ. ಆದರೂ ನಾನು ದೊಡ್ಡ ಮೀನಿಗೂ ಜಾರುವ ಸೀಸವನ್ನೇ ಕಟ್ಟುತ್ತೇನೆ. ಕಾರಣ ಬೇರೆ. ಸೀಸ ಒಂದೇ ಕಡೆ ಬಿಗಿಯಾಗಿದ್ದರೆ ಮೀನು ತಲೆ ಕೊಡವಿದಾಗ ಅದೇ ಭಾರದ ಹೊಡೆತಕ್ಕೆ ಹುಕ್ ಕಳಚಿಕೊಳ್ಳುತ್ತದೆ. ಜಾರುವ ಸೀಸಕ್ಕೆ ಆ ಹಿಡಿತ ಸಿಗುವುದಿಲ್ಲ.

ಇದನ್ನು ಮಾಡುವುದಕ್ಕೆ ಬೇಕಾದ ಮುಖ್ಯ ಸಾಮಾನು ನಿಮ್ಮ ಮನೆಯ ಮಕ್ಕಳ ಚೀಲದಲ್ಲೇ ಇದೆ: ಮುಗಿದುಹೋದ ಪೆನ್ನಿನ ರಿಫಿಲ್. ಮೊದಲೆಲ್ಲ ನಾನು ಕಿವಿ ಕಡ್ಡಿಯ ಪ್ಲಾಸ್ಟಿಕ್ ಕೊಳವೆ ಬಳಸುತ್ತಿದ್ದೆ. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಕಡ್ಡಿಯವು ನಿಷೇಧವಾದವು, ಈಗ ಬರುವುದು ಕಾಗದದ ಕಡ್ಡಿ, ನೀರಿಗೆ ಬಿದ್ದರೆ ಮುದ್ದೆ. ರಿಫಿಲ್ಲೇ ವಾಸಿ. ಬಾಲ್ ಪೆನ್ನಿನದು ಸಾಕು, ಜೆಲ್ ಪೆನ್ನಿನದಾದರೆ ತೂತು ಇನ್ನೂ ಅಗಲ. ಬ್ರೇಡಿಗೂ ಶಾಕ್ ಲೀಡರಿಗೂ (ಎಸೆತದ ಹೊಡೆತ ತಡೆಯಲು ತುದಿಗೆ ಸೇರಿಸುವ ದಪ್ಪ ದಾರ) ನಡುವಿನ ಗಂಟು ದೊಡ್ಡದಿದ್ದರೆ ಜೆಲ್ ರಿಫಿಲ್ಲನ್ನೇ ತಗೊಳ್ಳಿ. ಒಳಗೆ ಉಳಿದ ಇಂಕನ್ನು ಸ್ಯಾನಿಟೈಸರಿನಲ್ಲಿ ತೊಳೆದುಬಿಡಿ. ಇಲ್ಲದಿದ್ದರೆ ಬೆರಳು, ದಾರ, ಸೀಗಡಿ ಎಲ್ಲ ನೀಲಿ.

4 ಸೆಂಟಿಮೀಟರ್ ತುಂಡು ಕತ್ತರಿಸಿ. ಕತ್ತರಿಯಿಂದ ಬೇಡ, ಕೊಳವೆ ಚಪ್ಪಟೆಯಾಗುತ್ತದೆ. ಬ್ಲೇಡ್ ಒತ್ತಿ ಕೊಳವೆಯನ್ನೇ ಉರುಳಿಸಿ. ಇನ್ನು ಮುಂದಿನದು ಎರಡು ನಿಮಿಷದ ಕೆಲಸ, ಆದರೆ ಇಡೀ ರಿಗ್ಗಿನ ಹಣೆಬರಹ ಅದರಲ್ಲೇ ಇದೆ. ಮೇಣದ ಬತ್ತಿ ಹಚ್ಚಿ. ಕೊಳವೆಯ ತುದಿಯನ್ನು ಜ್ವಾಲೆಯ ಪಕ್ಕಕ್ಕೆ ಹಿಡಿದು ತಿರುಗಿಸುತ್ತಿರಿ, ಜ್ವಾಲೆಯೊಳಗೆ ಹಾಕಬೇಡಿ. ಅಂಚು ಮೊದಲು ಹೊಳೆಯುತ್ತದೆ, ಆಮೇಲೆ ತಾನೇ ಸ್ವಲ್ಪ ಸುರುಳುತ್ತದೆ. ಆ ಕ್ಷಣಕ್ಕೆ ತೆಗೆದು ಸ್ಟೀಲ್ ತಟ್ಟೆಯ ಬೆನ್ನಿಗೆ ನೆಟ್ಟಗೆ ಒತ್ತಿ. ತುದಿ ತುತ್ತೂರಿಯ ಬಾಯಿಯ ಹಾಗೆ ಅಗಲವಾಗುತ್ತದೆ. ತೂತು ಮುಚ್ಚಿಕೊಂಡರೆ ಬಿಸಿ ಇರುವಾಗಲೇ ಸೂಜಿ ತೂರಿಸಿ ಬಿಡಿಸಿ. ಇನ್ನೊಂದು ತುದಿಗೂ ಹೀಗೇ ಮಾಡಬೇಕು. ಆದರೆ ಅದಕ್ಕೂ ಮೊದಲು ಜಿಪ್ ಟೈ ಕಟ್ಟಿಕೊಳ್ಳಿ.

2.5 ಮಿ.ಮೀ. ಅಗಲದ ಸಣ್ಣ ಜಿಪ್ ಟೈಯನ್ನು ಕೊಳವೆಯ ನಡುವಿಗೆ ಸುತ್ತಿ. ಸುತ್ತುವಾಗಲೇ ತಂಗೂಸಿಯ ಒಂದು ಸಣ್ಣ ಕುಣಿಕೆ ಅದರೊಳಗೆ ಸಿಕ್ಕಿಕೊಳ್ಳಲಿ. ಸೀಸ ನೇತಾಡುವುದು ಈ ಕುಣಿಕೆಗೆ. ಬಿಗಿಯುವಾಗ ಕೊಳವೆಯೊಳಗೆ ಒಂದು ಮೊಳೆ ಇರಲಿ, ಇಲ್ಲದಿದ್ದರೆ ನಡು ಕುಗ್ಗಿ ತೂತು ಸಣ್ಣದಾಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ನೀರಿನಲ್ಲಿ ಮಾತ್ರ ಜಾರುವುದಿಲ್ಲ. ನಾನು ಒಂದು ಇಡೀ ಬೇಸಿಗೆ ಹೀಗೆ ಜಾರದ ರಿಗ್ ಎಸೆದು, ಮೀನೇ ಇಲ್ಲ ಎಂದು ಸಮುದ್ರವನ್ನು ಬೈದಿದ್ದೇನೆ.

ಅದಕ್ಕೇ ಮನೆಯಲ್ಲೇ ಪರೀಕ್ಷೆ ಮಾಡಿ. ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಕೊಳವೆ ಪೋಣಿಸಿ, ಕುಣಿಕೆಗೆ 30 ಗ್ರಾಂ ತೂಗಿಸಿ. ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ನಿಧಾನ ಎತ್ತಿ. ದಾರ ಸ್ವಲ್ಪ ಓರೆಯಾಗುತ್ತಲೇ ಕೊಳವೆ ತಾನಾಗಿ ಜಾರಬೇಕು. ಆಮೇಲೆ ಬಕೆಟ್ಟಿನಲ್ಲಿ ಹಸಿ ಮರಳು ತಂದು ಅದರಲ್ಲಿ ಅದ್ದಿ, ಮತ್ತೆ ನೋಡಿ. ಒಣಗಿದ್ದಾಗ ಜಾರಿ ಮರಳು ತಾಗಿದ ಮೇಲೆ ಅಂಟುವುದಾದರೆ ತೂತು ಸಾಲದು, ಎಸೆದುಬಿಡಿ.

ಜೋಡಿಸುವುದು ಹೀಗೆ. ರೀಲಿನಿಂದ ಬರುವ ದಾರವನ್ನು ಕೊಳವೆಯಲ್ಲಿ ತೂರಿಸಿ. ಅದರ ಕೆಳಗೆ ಒಂದು ಮಣಿ, ಕೆಳಗೆ ಸ್ವಿವಲ್ (ಎರಡು ಕಣ್ಣಿನ ತಿರುಗುವ ಕೊಂಡಿ). ಮಣಿಗೆ ಅಂಗಡಿಗೆ ಹೋಗಬೇಕಿಲ್ಲ, ಹರಿದ ಮಣಿಸರದ ಪ್ಲಾಸ್ಟಿಕ್ ಮಣಿ ಆದೀತು. ಎಸೆದಾಗ ಕೊಳವೆ ಬಂದು ಬಡಿಯುವುದು ಸ್ವಿವಲ್ಲಿನ ಗಂಟಿಗೆ, ಆ ಪೆಟ್ಟು ಮಣಿ ತಿನ್ನಲಿ. ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬನ್ನು ಅರ್ಧ ಇಂಚು ಕತ್ತರಿಸಿ ಗಂಟಿನ ಮೇಲೆ ತೊಡಿಸಿದರೆ ಇನ್ನೂ ಒಳ್ಳೆಯದು. ಸ್ವಿವಲ್ಲಿನ ಇನ್ನೊಂದು ಕಣ್ಣಿಗೆ ಹುಕ್ಕಿನ ದಾರ. ಇದನ್ನು ಉದ್ದ ಬಿಟ್ಟಷ್ಟೂ ಒಳ್ಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ಅಲೆ ಜೋರಿದ್ದರೆ ಅರ್ಧ ಅಡಿಯಿಂದ ಒಂದು ಅಡಿ ಸಾಕು, ಇಲ್ಲದಿದ್ದರೆ ಎಸೆದಾಗ ಗಾಳಿಯಲ್ಲಿ ಗಿರಗಿರ ತಿರುಗಿ ಮೇಲಿನ ದಾರಕ್ಕೇ ಸುತ್ತಿಕೊಳ್ಳುತ್ತದೆ. ನೀರು ಶಾಂತವಿದ್ದು ಕಾಣೆಗೆ ಕೂತಿದ್ದರೆ ಎರಡು ಅಡಿ ಬಿಡಿ.

ಕೊಳವೆ, ಜಿಪ್ ಟೈ ಏನೂ ಬೇಡ ಎನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ. ಒಂದು ದೊಡ್ಡ ಸ್ವಿವಲ್ ತಗೊಂಡು ಅದರ ಒಂದು ಕಣ್ಣಿನೊಳಗೆ ರೀಲಿನ ದಾರ ತೂರಿಸಿ, ಇನ್ನೊಂದು ಕಣ್ಣಿಗೆ ಸೀಸ ಕಟ್ಟಿ. ಬರೀ ತಂಗೂಸಿಗೆ ಇದು ಚೆನ್ನಾಗಿ ಜಾರುತ್ತದೆ. ಕೈಗಾಳ ಹಾಕುವವರಿಗೆ ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಕಲ್ಲಿಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಸೀಸ, ಆದರೆ ಕಳೆದುಹೋಗುವುದು ಇಡೀ ರಿಗ್. ಹಾಗಾಗಿ ಸೀಸದ ಕುಣಿಕೆ ಎಲ್ಲಕ್ಕಿಂತ ದುರ್ಬಲವಾಗಿರಲಿ. ಸೀಸಕ್ಕೆ 8 ಕೆ.ಜಿ. ತಂಗೂಸಿ ಇದ್ದರೆ ಹುಕ್ಕಿಗೆ 12 ಕೆ.ಜಿ.ಯದು, ರೀಲಿನದು ಅದಕ್ಕೂ ಮೇಲಿನದು. ಪ್ಯಾಕೆಟ್ ಮೇಲೆ ಬರೆದಿರುವುದನ್ನು ನೋಡಿ ಈ ಕ್ರಮ ಹಿಡಿಯಿರಿ. ಸಿಕ್ಕಿಕೊಂಡಾಗ ರಾಡ್ ನೇರ ಮಾಡಿ, ರೀಲ್ ಬಿಗಿ ಹಿಡಿದು, ಹಿಂದೆ ಹಿಂದೆ ನಡೆಯಿರಿ. ಕುಣಿಕೆ ಮಾತ್ರ ಕಡಿಯುತ್ತದೆ, ಉಳಿದದ್ದು ಮನೆಗೆ ಬರುತ್ತದೆ. ಆದರೆ ಇಂಥ ಕುಣಿಕೆ ಇಟ್ಟುಕೊಂಡು ಮೈಯೆಲ್ಲ ಬಲ ಹಾಕಿ ಎಸೆಯಬೇಡಿ. 60 ಗ್ರಾಂ ಒಳಗಿನ ಸೀಸವನ್ನು ಮೆಲ್ಲಗೆ ಬೀಸಿ ಎಸೆಯುವುದಕ್ಕೆ ಮಾತ್ರ ಇದು. ಗಾಳಿಯಲ್ಲಿ ಕಡಿದ ಸೀಸ ಕೋವಿಯ ಗುಂಡಿನ ಹಾಗೆ ಹೋಗುತ್ತದೆ, ತ್ರಾಸಿಯಲ್ಲಿ ಸಂಜೆ ಎಷ್ಟು ಜನ ಓಡಾಡುತ್ತಾರೆ ಎಂದು ನಿಮಗೇ ಗೊತ್ತಲ್ವಾ. ದೂರಕ್ಕೆ ಎಸೆಯಬೇಕಿದ್ದರೆ ದಪ್ಪ ಶಾಕ್ ಲೀಡರ್ ಕಟ್ಟಿ, ಸೀಸದ ಕುಣಿಕೆಯನ್ನೂ ಅಷ್ಟೇ ಗಟ್ಟಿ ಮಾಡಿ. ಪ್ರತಿ 28 ಗ್ರಾಂ ಸೀಸಕ್ಕೆ 10 ಪೌಂಡ್ ಎನ್ನುವುದು ದಡದ ಗಾಳದವರ ಹಳೆಯ ಲೆಕ್ಕ. ಹಾಗೆಂದರೆ 100 ಗ್ರಾಂ ಸೀಸಕ್ಕೆ ಹತ್ತಿರ ಹತ್ತಿರ 36 ಪೌಂಡ್. ನಿಮ್ಮ 30 ಪೌಂಡ್ ಬ್ರೇಡ್ ಒಂದೇ ಇದ್ದರೆ ಸಾಲದು.

ಇನ್ನು ಸೀಸ ಕಾಯಿಸಿ ಎರಕ ಹೊಯ್ಯುವುದು. ಮನೆಯಲ್ಲಿ ಬೇಡ ಎಂದೇ ಹೇಳುತ್ತೇನೆ. ಸೀಸ ಕರಗುವುದು 327 ಡಿಗ್ರಿಯಲ್ಲಿ, ಒಲೆಯ ಮೇಲೆ ಸುಲಭವಾಗಿಯೇ ಕರಗುತ್ತದೆ, ಆಸೆಯಾಗುವುದೂ ಅದಕ್ಕೇ. ನಾನೂ ಮಾಡಿದ್ದೇನೆ. ಒಂದು ಆಟಿ ತಿಂಗಳ ಮಧ್ಯಾಹ್ನ ಜಗುಲಿಯಲ್ಲಿ ಕೂತು ಮಣ್ಣಿನ ಅಚ್ಚಿಗೆ ಹೊಯ್ದೆ. ಅಚ್ಚು ಒಣಗಿದೆ ಎಂದು ನಾನು ಅಂದುಕೊಂಡದ್ದು, ಮಳೆಗಾಲದ ತೇವ ಒಳಗೇ ಇತ್ತು. ಟಪ್ ಎಂದು ಸಿಡಿಯಿತು. ಲುಂಗಿಯಲ್ಲಿ ಏಳು ತೂತು, ಹೆಬ್ಬೆರಳಿನ ಮೇಲೆ ಇವತ್ತಿಗೂ ಕಲೆ. ಬಿಸಿ ಸೀಸಕ್ಕೆ ಒಂದು ಹನಿ ನೀರು ತಾಗಿದರೂ ಅದು ಆವಿಯಾಗಿ ಸೀಸವನ್ನು ಚಿಮ್ಮಿಸುತ್ತದೆ. ಹೊಗೆ, ದೂಳು ಮಕ್ಕಳಿಗೆ ವಿಷ. ಹಳೆ ಬ್ಯಾಟರಿ ಒಡೆದು ತೆಗೆದ ಸೀಸವಂತೂ ಬೇಡವೇ ಬೇಡ, ಅದರಲ್ಲಿ ಆ್ಯಸಿಡ್ಡೂ ಇರುತ್ತದೆ.

ಹಾಗಾದರೆ ಕಲ್ಲು ಕಟ್ಟಬಹುದಾ? ಕಟ್ಟುವವರಿದ್ದಾರೆ. ಆದರೆ ನೀರಿಗಿಳಿದ ಮೇಲೆ ಕಲ್ಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋದ ಹಾಗಾಗುತ್ತದೆ. ದಡದಲ್ಲಿ 100 ಗ್ರಾಂ ಇದ್ದ ಕರಿಕಲ್ಲು ಸಮುದ್ರದೊಳಗೆ ಸುಮಾರು 62 ಗ್ರಾಂ, ಸಿಮೆಂಟಿನ ಉಂಡೆಯಾದರೆ ಇನ್ನೂ ಕಡಿಮೆ. ಸೀಸ 91 ಗ್ರಾಂ ಉಳಿಯುತ್ತದೆ. ಕಬ್ಬಿಣ ಎಷ್ಟು ಗೊತ್ತಾ? 87. ಅಂದರೆ ನೀರೊಳಗೆ ಕಬ್ಬಿಣಕ್ಕೂ ಸೀಸಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಗಾತ್ರ ಸ್ವಲ್ಪ ಜಾಸ್ತಿ, ಹಾರುವಾಗ ಗಾಳಿ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಗುಜರಿಯಲ್ಲಿ ದೊಡ್ಡ ನಟ್ ಹುಡುಕಿ. 20 ಮಿ.ಮೀ. ಬೋಲ್ಟಿನ ನಟ್ ಒಂದು ಸುಮಾರು 60 ಗ್ರಾಂ ತೂಗುತ್ತದೆ, ತೂತು ಕೊರೆಯುವ ಕೆಲಸವೂ ಇಲ್ಲ, ಮರಳಿನ ಮೇಲೆ ಉರುಳುವುದೂ ಇಲ್ಲ. ಗ್ಯಾರೇಜಿನವರು ಬಿಸಾಡುವ ಸ್ಪಾರ್ಕ್ ಪ್ಲಗ್ ಕೂಡ ಸೀಸದ ಕೆಲಸ ಮಾಡುತ್ತದೆ. ಮನೆ ಕಟ್ಟುವ ಜಾಗದಲ್ಲಿ 12 ಮಿ.ಮೀ. ಕಂಬಿಯ ತುಂಡು ಬಿದ್ದಿರುತ್ತದೆ. 10 ಸೆಂಟಿಮೀಟರ್ ತುಂಡು ಸುಮಾರು 89 ಗ್ರಾಂ. ವೆಲ್ಡಿಂಗ್ ಶಾಪಿನವರ ಹತ್ತಿರ ತುದಿಗೊಂದು ಸಣ್ಣ ನಟ್ ಹಚ್ಚಿಸಿಕೊಂಡರೆ ದಾರ ಕಟ್ಟುವ ಕಣ್ಣು ರೆಡಿ. ತುಕ್ಕು ಹಿಡಿಯುತ್ತದೆ ಅಂತೀರಾ? ಹೇಗೂ ಕಲ್ಲಿಗೆ ಕೊಟ್ಟುಬರುವ ಸಾಮಾನು. ಕಾಣೆಗೆ ಮಾತ್ರ ಸಣ್ಣ ತೂಕ ಬೇಕು, ಅದಕ್ಕೆ ಬೀಸುಬಲೆಗೆ ಕಟ್ಟುವ ತೂತಿನ ಸೀಸವನ್ನು ಬಲೆ ಸಾಮಾನಿನ ಅಂಗಡಿಯಿಂದ ತಂದುಕೊಳ್ಳಿ.

ಈಗ ಹವಾಯಿ. ಅಲ್ಲಿಯವರು ಈ ಪದ್ಧತಿಯಲ್ಲಿ ಹಿಡಿಯುವುದು ಮುಖ್ಯವಾಗಿ ಉಲುವಾ ಎನ್ನುವ ಮೀನನ್ನು, ಅಂದರೆ ದೊಡ್ಡ ಟ್ರೆವಲ್ಲಿಯನ್ನು. ಎರೆ ಹಾವುಮೀನಿನ ತುಂಡು, ಇಲ್ಲವೇ ಅಷ್ಟಪದಿ. ಇಷ್ಟು ದೊಡ್ಡ ಎರೆಯನ್ನು ಸೀಸದ ಜೊತೆ ಎಸೆದರೆ ಅರ್ಧ ದಾರಿಯಲ್ಲೇ ಹುಕ್ಕಿನಿಂದ ಹರಿದುಹೋಗುತ್ತದೆ, ದೂರವೂ ಹೋಗುವುದಿಲ್ಲ. ಅದಕ್ಕೇ ನಾಲ್ಕು ತಂತಿ ಕಾಲಿನ ಸೀಸವನ್ನು ಮೊದಲು ಎಸೆದು, ಹವಳದ ಬಂಡೆಗೆ ಬೇಕೆಂದೇ ಸಿಕ್ಕಿಸುತ್ತಾರೆ. ದಾರ ಬಿಗಿ ಮಾಡಿ, ಎರೆಯನ್ನು ಬೇರೆ ಉಂಗುರಕ್ಕೆ ಕಟ್ಟಿ ಅದೇ ದಾರದ ಮೇಲೆ ಇಳಿಬಿಡುತ್ತಾರೆ. ದಕ್ಷಿಣ ಆಫ್ರಿಕದ ನಟಾಲ್ ಕರಾವಳಿಯಲ್ಲೂ ಇದೇ ಉಪಾಯ ಇದೆ. ಎರೆ ಜಾರಿಸುವ ಅಲ್ಲಿಯ ಕೊಕ್ಕೆಗೆ ಒಂದು ಸ್ಪ್ರಿಂಗ್ ಹಿಡಿ ಇರುತ್ತದೆ, ದಾರದ ಮೇಲೆ ಕೆಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಅದನ್ನು ಮನೆಯಲ್ಲಿ ಮಾಡುವ ಸಾಹಸ ಬೇಡ. ದಾರವನ್ನು ಕಚ್ಚುವ ಜಾಗದಲ್ಲಿ ಅಂಚು ಸ್ವಲ್ಪ ಒರಟಾದರೂ ಬ್ರೇಡ್ ಕತ್ತರಿಸುತ್ತದೆ.

ಹವಾಯಿಯವರದ್ದು ಸುಲಭ. ವೆಲ್ಡಿಂಗ್ ಶಾಪಿನಲ್ಲಿ ಟಿಗ್ ವೆಲ್ಡಿಂಗಿಗೆ ಬಳಸುವ 1.6 ಮಿ.ಮೀ. ಸ್ಟೇನ್‌ಲೆಸ್ ಫಿಲ್ಲರ್ ರಾಡ್ ಇರುತ್ತದೆ. ಒಂದು ಕೇಳಿ, ಎಂಟು ರಿಗ್ ಅಷ್ಟರಲ್ಲೇ ಆಗುತ್ತದೆ. ಕಾಂಕ್ರೀಟಿಗೆ ಕಟ್ಟುವ ಬೈಂಡಿಂಗ್ ತಂತಿ ಇದಕ್ಕಾಗದು, ಮೆತ್ತಗೆ, ಮೀನು ಎಳೆದರೆ ನೇರವಾಗಿಬಿಡುತ್ತದೆ. ಅರ್ಧ ಗೇಣು ತಂತಿ ಕತ್ತರಿಸಿ. ಒಂದು ತುದಿಯನ್ನು 6 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿಗೆ ಒತ್ತೊತ್ತಾಗಿ ಎರಡು ಸುತ್ತು ಸುತ್ತಿ, ಕೀ ಬಂಚಿನ ರಿಂಗಿನ ಹಾಗೆ. ಈ ಸುರುಳಿಯೊಳಗೆ ದಾರವನ್ನು ಪಕ್ಕದಿಂದಲೇ ಹಾಕಬಹುದು, ಕತ್ತರಿಸಬೇಕಿಲ್ಲ. ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಸಣ್ಣ ಕಣ್ಣು ಮಾಡಿ, ಮುಚ್ಚುವ ಮೊದಲು ಸ್ವಿವಲ್ ತೊಡಿಸಿ. ಸುರುಳಿಯ ತುದಿಯನ್ನು ಅರದಿಂದ ಉಜ್ಜಿ, ನೀರು ಕಾಗದ (ನಯವಾದ ಉಜ್ಜುಕಾಗದ) ಹಾಕಿ, ಆಮೇಲೆ ಹಳೆ ನೈಲಾನ್ ಕಾಲುಚೀಲದ ಮೇಲೆ ಎಳೆದು ನೋಡಿ. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಉಜ್ಜಿ.

ರೀಲಿನ ದಾರದ ಕೊನೆಗೆ ಈ ಸುರುಳಿ ದಾಟಲಾಗದಷ್ಟು ದೊಡ್ಡ ಸ್ವಿವಲ್ ಇರಬೇಕು, ಎರೆ ಬಂದು ನಿಲ್ಲುವುದು ಅಲ್ಲಿ. ಅದರ ಕೆಳಗೆ ಎರಡು ಮೂರು ಅಡಿ ದುರ್ಬಲ ತಂಗೂಸಿ, ಅದರ ತುದಿಗೆ ಕಂಬಿಯ ತುಂಡು. ಇಲ್ಲೂ ಮೊದಲಿನ ಮಾತೇ: ಬಲ ಹಾಕಿ ಎಸೆಯಬಾರದು. ಹುಕ್ಕಿನ ದಾರ ಸೀಸದ ದಾರಕ್ಕಿಂತ ಗಿಡ್ಡ ಇರಲಿ, ಒಂದೂವರೆ ಅಡಿ. ಉದ್ದವಾದರೆ ಎರೆ ಹೋಗಿ ಸೀಸಕ್ಕೆ ಸುತ್ತಿಕೊಳ್ಳುತ್ತದೆ. ಮೀನು ಹಿಡಿದಾಗ ದುರ್ಬಲ ತಂಗೂಸಿ ಕಡಿದು ಕಂಬಿ ಅಲ್ಲೇ ಉಳಿಯುತ್ತದೆ, ಮೀನು ನಿಮ್ಮ ದಾರಕ್ಕೆ ನೇರ. ಇನ್ನು ಬ್ರೇಡಿಗೆ ಶಾಕ್ ಲೀಡರ್ ಸೇರಿಸಿದ ಗಂಟನ್ನು ಸುರುಳಿ ದಾಟಲೇಬೇಕು. ಗಂಟನ್ನು ಚೂಪಾಗಿ ಕಟ್ಟಿ, ಬಾಲ ಬುಡಕ್ಕೆ ಕತ್ತರಿಸಿ, ಕೈಯಲ್ಲೇ ಹತ್ತು ಸಲ ಜಾರಿಸಿ ನೋಡಿ.

ಇದು ತ್ರಾಸಿಯಲ್ಲಿ ಯಾಕೆ ನಡೆಯುವುದಿಲ್ಲ ಎಂಬುದಕ್ಕೆ ಲೆಕ್ಕ ಸಾಕು. ಸಮತಟ್ಟು ದಡದಲ್ಲಿ ನಿಂತರೆ ನಿಮ್ಮ ರಾಡಿನ ತುದಿ ನೀರಿಗಿಂತ ನಾಲ್ಕು ಮೀಟರ್ ಮೇಲಿರಬಹುದು. ಸೀಸ 60 ಮೀಟರ್ ದೂರ. ಹದಿನೈದು ಮೀಟರಿಗೆ ಒಂದು ಮೀಟರ್ ಇಳಿಜಾರು. ಅದರಲ್ಲಿ ಒಂದು ಬೂತಾಯಿ ಜಾರುವುದೆಲ್ಲಿಂದ ಬಂತು? ನಾನು ಪ್ರಯತ್ನಿಸಿದ್ದೆ. ಬಂಗುಡೆಯ ಅರ್ಧ ತುಂಡು ಮೊಣಕಾಲು ನೀರಿನವರೆಗೆ ಹೋಯಿತು, ಅಲೆ ವಾಪಸ್ ತಂದು ಕಾಲ ಬುಡಕ್ಕೇ ಬಿಟ್ಟಿತು. ನಾನು ರಾಡ್ ಎತ್ತಿ ಇಳಿಸಿ ಮಾಡುತ್ತಿರುವಾಗಲೇ ಏಡಿ ಅದನ್ನು ತಿಂದು ಮುಗಿಸಿತ್ತು. ಗಂಗೊಳ್ಳಿಯ ಕಲ್ಲಿನ ಮೇಲೆ ರಾಡಿನ ತುದಿ ಏಳೆಂಟು ಮೀಟರ್ ಎತ್ತರಕ್ಕೆ ಬರುತ್ತದೆ. ಸೀಸವನ್ನು 30-35 ಮೀಟರಿನಲ್ಲೇ ಹಾಕಿ. ನಾಲ್ಕೈದು ಮೀಟರಿಗೆ ಒಂದು ಮೀಟರ್ ಇಳಿಜಾರು ಸಿಕ್ಕಿದರೆ ಎರೆ ತಾನೇ ಹೋಗುತ್ತದೆ. ರಾಡನ್ನು ನೆಟ್ಟಗೆ ಎತ್ತಿ ಹಿಡಿದು, ದಾರ ಬಿಗಿ ಮಾಡಿ, ಆಗಾಗ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿಯಿರಿ.

ಅಳಿವೆಯಲ್ಲಿ ನಿಮಗೆ ಇನ್ನೊಂದು ಸಹಾಯ ಇದೆ, ಹವಾಯಿಯ ಬಂಡೆಯವರಿಗೂ ಇಲ್ಲದ್ದು. ಇಳಿತ ಶುರುವಾದ ಮೇಲೆ ಹೊಳೆಯ ನೀರು ಹೊರಗೆ ಎಳೆಯುತ್ತದೆ. ಆ ಹೊತ್ತಿಗೆ ಸೀಸವನ್ನು ಹರಿವಿನ ದಿಕ್ಕಿಗೆ ಓರೆಯಾಗಿ ಹಾಕಿದರೆ ನೀರೇ ಎರೆಯನ್ನು ತೆಗೆದುಕೊಂಡು ಹೋಗುತ್ತದೆ. ಭರತದಲ್ಲಿ ಇದೇ ಕೆಲಸ ಉಲ್ಟಾ, ಎಷ್ಟು ಬಿಟ್ಟರೂ ವಾಪಸ್ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜೋರು, 12 ಮಿ.ಮೀ. ಕಂಬಿ ಸಾಲದಿದ್ದರೆ ಅದಕ್ಕೆ ನಾಲ್ಕು ತುಂಡು ತಂತಿ ಹಚ್ಚಿಸಿ ಕಾಲು ಮಾಡಿಕೊಳ್ಳಿ. ಇಲ್ಲಿ ಸಾಲಿಗೆ ಸಾಲು ಗಾಳ ಹಾಕುವವರಿರುತ್ತಾರೆ. ಪಕ್ಕದವರ ದಾರಕ್ಕೆ ಅಡ್ಡ ಹೋಗುವಂತಿದ್ದರೆ ಮೊದಲೇ ಹೇಳಿ ಹಾಕಿ, ಜಗಳ ಉಳಿಯುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಆ ಕಲ್ಲಿನ ಮೇಲೆ ಹೋಗುವುದೇ ಬೇಡ.

ಎರೆ ಸತ್ತದ್ದಾದರೆ ದಾರ ಸುತ್ತಿ ಕಟ್ಟಿ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳು ಎಲಾಸ್ಟಿಕ್ ದಾರ ಒಂದು ಉಂಡೆ ತಂದರೆ ವರ್ಷ ಬರುತ್ತದೆ. ಬೂತಾಯಿ ಮೆತ್ತಗಾಗಿ ಬೇಗ ಹರಿಯುತ್ತದೆ, ಬೊಂಡಾಸ್ (ಸ್ಕ್ವಿಡ್) ಗಟ್ಟಿ. ಎರಡನ್ನೂ ಸೇರಿಸಿ ಕಟ್ಟಿದರೆ ವಾಸನೆಗೆ ಅದು, ಹಿಡಿತಕ್ಕೆ ಇದು. ಗಾಳಕ್ಕೆ ಶೇಡೆ ಎನ್ನುವ ಮುಳ್ಳಿನ ಮೀನು ಸಿಕ್ಕರೆ ಮುಳ್ಳಿನ ಮೇಲೆ ಕಣ್ಣಿರಲಿ, ಇಕ್ಕಳ ಇಲ್ಲದೆ ಮುಟ್ಟಬೇಡಿ.

ಕಟ್ಟಿದ ರಿಗ್ಗುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದರೆ ಮರುದಿನ ಗುಬ್ಬಿ ಗೂಡು. ಸವೆದ ಹವಾಯಿ ಚಪ್ಪಲಿಯ ಅಟ್ಟೆ ತೊಳೆದು ಇಟ್ಟುಕೊಳ್ಳಿ. ಅಂಚಿನಲ್ಲಿ ಬ್ಲೇಡಿನಿಂದ ಗೀರು ಹಾಕಿ ದಾರ ಸುತ್ತಿ, ಹುಕ್ಕನ್ನು ರಬ್ಬರಿಗೇ ಚುಚ್ಚಿ. ಒಂದು ಕಾಲಿನದರಲ್ಲಿ ಆರು ರಿಗ್ ಹಿಡಿಯುತ್ತದೆ. ನನ್ನ ಹತ್ತಿರ ಎಡಗಾಲಿನದು ತ್ರಾಸಿಗೆ, ಬಲಗಾಲಿನದು ಗಂಗೊಳ್ಳಿಗೆ.